ಉಕ್ಕುರೆಕ್ಕೆಗೆ ಹಾಕಿದ ಓಟು

ಮನೆ, ಲಾಂಡ್ರಿಯ ಮೇಲಿನ ಕೋಣೆ
ಮಾರ್ಚ್ ೯, ಭಾನುವಾರ

ಪ್ರೀತಿಯ ಎಂಜಿನ್ ಸಾಹೇಬರಿಗೆ,

ಹೇಗಿದ್ದೀರಿ? ಮೊಣಕೈಗೆ ಬಿಸಿ ಎಣ್ಣೆ ಸಿಡಿದಿತ್ತು ಅಂದಿರಲ್ಲ, ಗಾಯ ಒಣಗಿತೇ? "ಏನಿಲ್ಲ, ಸಣ್ಣದು" ಎಂದು ನೀವು ಹೇಳಿದ ಮೇಲೇ ಅದು ಸಣ್ಣದಲ್ಲವೆಂದು ನನಗೆ ಖಾತ್ರಿಯಾದದ್ದು. ಹಡಗಿನ ತಳದ ಆ ಕಾವಿನಲ್ಲಿ ಬರೀ ಬನಿಯನ್ನಿನಲ್ಲಿ ಕೆಲಸ ಮಾಡುತ್ತೀರಿ. ನಾನು ಇಸ್ತ್ರಿ ಮಾಡಿ ಕೊಟ್ಟ ತುಂಬುತೋಳಿನ ಅಂಗಿಗಳು ಮಡಿಕೆ ಬಿಚ್ಚದೆ ಪೆಟ್ಟಿಗೆಯಲ್ಲೇ ಇರುತ್ತವೆ, ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಇಲ್ಲಿ ಅತ್ತೆ ಆರಾಮಾಗಿದ್ದಾರೆ. ಚಳಿಗಾಲದಲ್ಲಿ ಹಿಡಿದಿದ್ದ ಜ್ವರದ ಸುಸ್ತೂ ಹೋಗಿ, ನನ್ನ ಅಡುಗೆಯಲ್ಲಿ ತಪ್ಪು ಹುಡುಕುವಷ್ಟು ಚೇತರಿಸಿಕೊಂಡಿದ್ದಾರೆ. ಆಗ ಕೈಕೊಟ್ಟಿದ್ದ ಬಾಯ್ಲರ್ ರಿಪೇರಿಯಾಗಿ, ನಿಮ್ಮ ಗೊರಕೆಯ ಹಾಗೆ ಸದ್ದು ಮಾಡುತ್ತಾ ನಡೆಯುತ್ತಿದೆ. ಹೋದ ಸಲ ಫೋನ್ ಮಾಡಿದಾಗ, ಕರಾರು ಮುಗಿಯುತ್ತಿದೆ, ಕಂಪನಿಯ ಹೊಸ ಹಡಗಿಗೆ ಜನ ತೆಗೆದುಕೊಳ್ಳುತ್ತಾರಂತೆ, ಅದರ ಎಂಜಿನ್ನೇ ಒಂದು ಮನೆಯಷ್ಟಿದೆಯಂತೆ ಅಂದಿರಿ. ಹೊಸ ಸಂಚಿಕೆ ಕೈಗೆ ಬಂದ ದಿನ ನಿಮ್ಮ ಧ್ವನಿ ಹೇಗಿರುತ್ತದೋ ಹಾಗಿತ್ತು. ನಾನು ಹೂಂ ಎನ್ನುವಷ್ಟರಲ್ಲಿ ನಿಮ್ಮ ಹಿಂದೆ ಸಾಲು ನಿಂತವರು ಅವಸರ ಮಾಡಿದರು. ಇನ್ನು ಬಂದರು ಮುಟ್ಟುವ ತನಕ ಫೋನಿಲ್ಲ ಅಂದಿದ್ದೀರಲ್ಲ, ಅದಕ್ಕೇ ಈ ಕಾಗದವನ್ನು ಕಂಪನಿಯ ಟಪಾಲು ಚೀಲದಲ್ಲಿ ಹಾಕಿಸುತ್ತಿದ್ದೇನೆ. ಇದು ಬಂದರಿನಲ್ಲಿ ನಿಮಗಿಂತ ಮೊದಲೇ ಹೋಗಿ ಕೂತಿರುತ್ತದೆ.

ಈಗ ನೀವು ಕಾಯುತ್ತಿರುವ ಸಮಾಚಾರ. ಈ ತಿಂಗಳ ಮೂರೂ ಕಾಮಿಕ್ಸ್ ಬಂದಿವೆ. ಪಕ್ಕದ ಪುಸ್ತಕದಂಗಡಿಯ ಸೋಡಾಬುಡ್ಡಿ ಕನ್ನಡಕದವನು ಕಟ್ಟು ಬಿಚ್ಚುವ ಮೊದಲೇ ನನ್ನನ್ನು ಕೂಗಿದ. ಹೋಗುವಾಗ ನೀವು "ಓದಿ ಕಥೆ ಬರಿ, ಇಲ್ದಿದ್ರೆ ಅಲ್ಲಿ ನಾನು ಹುಚ್ಚನಾಗ್ತೀನಿ" ಅಂದಾಗ ಮೂಗು ಮುರಿದಿದ್ದೆನಲ್ಲ, ಪ್ಯಾಂಟಿನ ಮೇಲೆ ಚಡ್ಡಿ ಹಾಕಿಕೊಂಡವರ ಕಥೆ ನನಗ್ಯಾಕೆ ಎಂದು. ಈಗ ಕಟ್ಟು ಬರುವ ದಿನ ಗಿರಾಕಿಗಳ ಬಟ್ಟೆಯೇ ಕಾಯಬೇಕು. ಹಿಮಮುಷ್ಟಿಯ ಹೊಸ ಸಂಚಿಕೆ ಪೂರ್ತಿ ಸಪ್ಪೆ. ಮತ್ತೆ ಊರೆಲ್ಲ ಹೆಪ್ಪುಗಟ್ಟಿಸುತ್ತಾನೆ, ಮತ್ತೆ ಕರಗಿಸುತ್ತಾನೆ. ಹಳೇ ಕಥೆಗೆ ಹೊಸ ಬಣ್ಣ ಬಳಿದು ನಮ್ಮ ಕೈಗಿಟ್ಟಿದ್ದಾರೆ. ಅದೂ ಹೋಗಲಿ, ಹೊಗೆ, ಮಸಿ, ಚರಂಡಿ ಎಲ್ಲವನ್ನೂ ಹಾದು ಬಂದವನ ಬಿಳಿ ಮೇಲಂಗಿ ಮುಂದಿನ ಚಿತ್ರದಲ್ಲಿ ಹಾಲಿನ ಹಾಗೆ ಹೊಳೆಯುತ್ತದೆ! ಬರೆದವರು ಒಂದು ದಿನ ನಮ್ಮ ಲಾಂಡ್ರಿಗೆ ಬಂದು ಒಂದು ಕಾಲರ್ ಉಜ್ಜಿ ನೋಡಲಿ. ನೆರಳಗಿತ್ತಿ ಮಾತ್ರ ಬಹಳ ಚೆನ್ನಾಗಿದೆ. ಅವಳ ನೆರಳನ್ನೇ ಕಳ್ಳ ಕದ್ದಿದ್ದಾನೆ, ಅವಳು ಉರಿಬಿಸಿಲಲ್ಲಿ ನೆರಳಿಲ್ಲದೆ ಊರು ಸುತ್ತುತ್ತಾಳೆ. ಎರಡು ಪುಟ ಒಂದೇ ಒಂದು ಮಾತಿಲ್ಲ, ಆದರೂ ಮತ್ತೆ ಹಿಂದಕ್ಕೆ ತಿರುಗಿಸಿ ನೋಡಿದೆ. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿ, "ಈ ಹುಡುಗಿಗೆ ಬುದ್ಧಿ ಇದೆ ಕಣೇ, ಜೇಬಿರೋ ಬಟ್ಟೆ ಹಾಕ್ಕೊಂಡಿದ್ದಾಳೆ" ಅಂದರು.

ಮೂರನೆಯದಾದ ಉಕ್ಕುರೆಕ್ಕೆಯ ಸುದ್ದಿ ಯಾಕೆ ಎತ್ತುತ್ತಿಲ್ಲ ಇವಳು ಅಂದುಕೊಳ್ಳುತ್ತಿದ್ದೀರಿ. ಎತ್ತಲು ಮುಖವಿಲ್ಲ ಕಣ್ರೀ. ಇಷ್ಟು ಹೊತ್ತು ಹಿಮಮುಷ್ಟಿಯ ಅಂಗಿ ಒಗೆಯುತ್ತಾ ಕೂತದ್ದು ಅದಕ್ಕೇ. ಓದುಗರೇ ತೀರ್ಮಾನಿಸಿ ಎಂದು ಡಿಸೆಂಬರ್ ಸಂಚಿಕೆಯ ಕೊನೇ ಪುಟದಲ್ಲಿ ಓಟಿನ ಚೀಟಿ ಹಾಕಿದ್ದರಲ್ಲ? ಉಕ್ಕುರೆಕ್ಕೆ ಇನ್ನೂ ಹಾರಲಿ, ಇಲ್ಲವೇ ರೆಕ್ಕೆ ಬಿಚ್ಚಿಟ್ಟು ಮನೆಗೆ ಹೋಗಲಿ, ಎರಡರಲ್ಲಿ ಒಂದಕ್ಕೆ ಗುರುತು ಹಾಕಿ, ಕತ್ತರಿಸಿ ಕಳಿಸಬೇಕಿತ್ತು. ನೀವು ಅಷ್ಟು ದೂರದಿಂದ ಫೋನ್ ಮಾಡಿ, ನಮ್ಮ ಕ್ಷೇಮ ಕೇಳುವ ಮೊದಲೇ, "ಹಾರಲಿ ಅಂತ ಹಾಕು, ಮರೀಬೇಡ, ಅದು ನನ್ನ ಓಟು" ಅಂದಿರಿ. ಪುಟದ ಮೂಲೆ ಮಡಿಚಿದರೂ ಮೂರು ದಿನ ಮಾತು ಬಿಡುವ ಮನುಷ್ಯ, ಚೀಟಿಗಾಗಿ ಪುಸ್ತಕಕ್ಕೆ ಕತ್ತರಿ ಹಾಕಲು ಒಪ್ಪಿದಿರಿ ಎಂದರೆ ಅದು ನಿಮಗೆ ಎಷ್ಟು ಮುಖ್ಯ ಎಂದು ಗೊತ್ತಾಗದಷ್ಟು ದಡ್ಡಿಯಲ್ಲ ನಾನು. ಹತ್ತು ವರ್ಷದ ಹುಡುಗನಿದ್ದಾಗಿನಿಂದ ಅವನ ಜೊತೆ ಬೆಳೆದವರು ನೀವು.

ನಾನು ಗುರುತು ಹಾಕಿದ್ದು ಮನೆಗೆ ಹೋಗಲಿ ಎಂಬುದಕ್ಕೆ. ಬರೆದುಬಿಟ್ಟೆ. ಆ ದಿನವೇ ಬಾಯ್ಲರ್ ಕೆಟ್ಟಿತ್ತು, ಒದ್ದೆ ಬೆಡ್‌ಶೀಟುಗಳು ರಾಶಿ ಬಿದ್ದಿದ್ದವು, ಮಹಡಿಯ ಮೇಲೆ ಅತ್ತೆ ಜ್ವರದಲ್ಲಿ ನಿಮ್ಮನ್ನು ಕರೆಯುತ್ತಿದ್ದರು. ಚೀಟಿ ಕತ್ತರಿಸಲು ಕೂತರೆ, ಅದರ ಹಿಂದಿನ ಪುಟದಲ್ಲಿ ಉಕ್ಕುರೆಕ್ಕೆಯ ಹೆಂಡತಿ ಕಿಟಕಿಯ ಹತ್ತಿರ ನಿಂತಿದ್ದಾಳೆ. ಊರನ್ನೆಲ್ಲ ಉಳಿಸುವ ಗಂಡ, ಮನೆಯ ನಲ್ಲಿ ಸೋರುತ್ತಿದೆ. ಹೊಟ್ಟೆ ಉರಿಯಿತು. ಇವನಾದರೂ ಮನೆಗೆ ಹೋಗಲಿ ಎಂದು ಪೆನ್ನು ಒತ್ತಿ ಹಾಕಿದೆ. ಆಮೇಲೆ ನೀವು "ಹಾಕಿದ್ಯಾ?" ಎಂದು ಕೇಳಿದಾಗ "ಹಾಕಿದೆ" ಅಂದೆ. ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ, ಸಮಾಧಾನವೇನೂ ಆಗಲಿಲ್ಲ. ಮನೆಯೇ ಗೆದ್ದಿತು ಎಂದು ಗೊತ್ತಾದ ದಿನ ನೀವು ಸಿಟ್ಟು ಮಾಡುತ್ತೀರಿ ಅಂದುಕೊಂಡಿದ್ದೆ. "ನಮ್ದೊಂದು ಓಟು ಸಾಲ್ಲಿಲ್ಲ ನೋಡು" ಎಂದಷ್ಟೇ ಹೇಳಿ ಅತ್ತೆಯ ಆರೋಗ್ಯ ವಿಚಾರಿಸಿದಿರಿ. ನಮ್ಮದು ಅಂದಿರಿ. ಅದರ ಬದಲು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇನ್ನೂ ನಾಚಿಕೆಯ ವಿಷಯ ಹೇಳುತ್ತೇನೆ ಕೇಳಿ. ಫಲಿತಾಂಶ ಬಂದ ಸಂಜೆ ಸೋಡಾಬುಡ್ಡಿಯ ಅಂಗಡಿಯಲ್ಲಿ ನಿಮ್ಮಂಥವರೆಲ್ಲ ಸೇರಿ ಹಾರಾಡುತ್ತಿದ್ದರು. "ನೀವು ಯಾವುದಕ್ಕೆ ಹಾಕಿದ್ರಿ ಅಕ್ಕಾ?" ಎಂದು ಅವನು ಕೇಳಿದ್ದೇ ತಡ, ಮನೆಗೆ ಹೋಗಲಿ ಅಂದವರಿಗೆ ತಲೆಯಲ್ಲಿ ಏನಿದೆ ಎಂದು ಎಲ್ಲರಿಗಿಂತ ಗಟ್ಟಿಯಾಗಿ ನಾನೇ ಬೈದೆ. ಅವನು ಮೆಚ್ಚಿ ಒಂದು ಹಳೇ ಪೋಸ್ಟರ್ ಪುಕ್ಕಟೆ ಕೊಟ್ಟ. ಅದನ್ನು ಬೀರುವಿನ ಹಿಂದೆ ತುರುಕಿದ್ದೇನೆ, ಬಿಚ್ಚಿ ನೋಡಲು ಮನಸ್ಸಾಗಿಲ್ಲ.

ಈಗ ಬಂದಿರುವುದು ಅವನು ಮನೆಯಲ್ಲಿರುವ ಸಂಚಿಕೆ. ಗೆದ್ದ ಪಕ್ಷದವಳು ನಾನು, ಖುಷಿಯಾಗಬೇಕಿತ್ತು. ಮೊದಲ ಪುಟಗಳು ಚೆನ್ನಾಗಿಯೇ ಇವೆ. ನಲ್ಲಿ ರಿಪೇರಿ ಮಾಡುತ್ತಾನೆ, ಹಾರಾಡುವವನಿಗೆ ಏಣಿ ಹತ್ತಲು ಬರುವುದಿಲ್ಲ, ಹೆಂಡತಿ ನಗುತ್ತಾಳೆ. ನಾನೂ ನಕ್ಕೆ. ಆಮೇಲೆ ಎಲ್ಲೋ ಸೈರನ್ ಕೂಗುತ್ತದೆ. ಅವನ ಕೈಯಲ್ಲಿದ್ದ ಲೋಟ ಅಲ್ಲೇ ನಿಲ್ಲುತ್ತದೆ. ಅವಳು ಎದ್ದು ಕಿಟಕಿ ಮುಚ್ಚುತ್ತಾಳೆ. ಮತ್ತೆ ಸೈರನ್, ಮತ್ತೆ ಕಿಟಕಿ. ಕೊನೆಗೆ ಹಿತ್ತಲಲ್ಲಿ ಕೂತು, ಇನ್ನು ಬೇಡವಾದ ಆ ರೆಕ್ಕೆಗಳಿಗೆ ಎಣ್ಣೆ ಹಚ್ಚಿ ಒರೆಸುತ್ತಿರುತ್ತಾನೆ, ನೀವು ರಜೆಯಲ್ಲಿ ಬಂದಾಗ ನಮ್ಮ ಬಾಯ್ಲರಿನ ಪೈಪು ಒರೆಸುತ್ತೀರಲ್ಲ ಹಾಗೆ. ತಲೆಯೆತ್ತಿ ಅವಳಿಗೆ ಹೇಳುತ್ತಾನೆ: "ಊರೆಲ್ಲ ಸೇರಿ ತೀರ್ಮಾನ ಮಾಡಿದ್ರಂತೆ. ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?" ಚಿತ್ರಕಾರ ಅವಳ ಮುಖವನ್ನೇ ತೋರಿಸಿಲ್ಲ, ಬೆನ್ನು ಮಾತ್ರ ಬರೆದಿದ್ದಾನೆ. ಬಹಳ ಒಳ್ಳೆಯ ಪುಟ, ಈ ವರ್ಷ ಓದಿದ್ದರಲ್ಲೆಲ್ಲ ಒಳ್ಳೆಯದು. ಅದನ್ನು ನೋಡಿ ನಾನು ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲೆ ಮರೆತೆ. ಅಂಗಿ ಹೋಯಿತು.

ನಿಮ್ಮ ಪ್ರತಿಯನ್ನು ಕವರಿನಲ್ಲಿ ಹಾಕಿ ಜೋಪಾನವಾಗಿಟ್ಟಿದ್ದೇನೆ. ಜನ ಕಾಗದ ಬರೆದು ಕೂಗಾಡುತ್ತಿದ್ದಾರಂತೆ, ಮತ್ತೆ ಓಟಿಗೆ ಹಾಕಿದರೂ ಹಾಕುತ್ತಾರೆ ಎಂದು ಸೋಡಾಬುಡ್ಡಿ ಹೇಳುತ್ತಾನೆ. ಹಾಕಿದರೆ ಚೀಟಿಯನ್ನು ನಿಮಗೇ ಕಳಿಸುತ್ತೇನೆ, ಗುರುತು ನೀವೇ ಹಾಕಿ. ನನ್ನ ಕೈಯನ್ನು ನಂಬಿ ಅಂತ ಹೇಳಲು ಬಾಯಿ ಬರುವುದಿಲ್ಲ. ಗಾಯಕ್ಕೆ ಮುಲಾಮು ಹಚ್ಚಿಕೊಳ್ಳಿ, ತುಂಬುತೋಳಿನ ಅಂಗಿ ತೊಡಿ. ಅತ್ತೆ ಆಶೀರ್ವಾದ ಬರೆ ಅಂದರು, ಜೊತೆಗೆ ಅವನಿಗೆ ಹೊಟ್ಟೆ ತುಂಬ ಉಣ್ಣಲು ಹೇಳು ಅಂದರು. ಎರಡನ್ನೂ ಬರೆದಿದ್ದೇನೆ.

ಇಂತಿ, ತಲೆ ತಗ್ಗಿಸಿಕೊಂಡು,
ನಿಮ್ಮ ಇಸ್ತ್ರಿ ಮೇಡಂ

ತಾ.ಕ.: ಚೀಲ ಒಯ್ಯುವವನು ಕೆಳಗೆ ನಿಂತು ಕೂಗುತ್ತಿದ್ದಾನೆ. ಶುಕ್ರವಾರ ಕಂಪನಿಯ ಆಫೀಸಿನಿಂದ ಫೋನ್ ಬಂದಿತ್ತು. ಹಡಗಿಗೆ ಲೈನ್ ಸಿಗುತ್ತಿಲ್ಲ, ಹೊಸ ಹಡಗಿಗೆ ನಿಮ್ಮವರು ಬರ್ತಾರೋ ಇಲ್ವೋ, ಒಂದೇ ಮಾತು ಹೇಳಿ ಅಂದರು. ನಾನು "ಇಲ್ಲ, ಅವರು ಮನೆಗೆ ಬರ್ತಾರೆ" ಅಂದುಬಿಟ್ಟೆ. ಅವರು ನಿಮ್ಮ ಹೆಸರು ಹೊಡೆದು ಹಾಕಿದರು. ಆ ಸಂಜೆಯೇ ನಾನು ಉಕ್ಕುರೆಕ್ಕೆಯ ಈ ಸಂಚಿಕೆ ಓದಿದ್ದು. ಬೆಳಗಾಗುತ್ತಲೇ ಫೋನ್ ಮಾಡಿ, ಅದು ನನ್ನ ಮಾತು, ಅವರದಲ್ಲ ಅಂದೆ. ನೀವು ಬಂದರು ಮುಟ್ಟಿ ಫೋನ್ ಮಾಡುವ ತನಕ ಜಾಗ ಯಾರಿಗೂ ಕೊಡುವುದಿಲ್ಲವಂತೆ. ಇದನ್ನು ಓದಿದ ಕೂಡಲೇ ಕಂಪನಿಗೆ ಫೋನ್ ಮಾಡಿ, ನಿಮಗೆ ಏನು ಬೇಕೋ ಅದನ್ನೇ ಹೇಳಿ. ನನ್ನ ಓಟು ಯಾವುದು ಎಂದು ನಿಮಗೆ ಗೊತ್ತಾಗಿದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.