ತಿರುಗಿ ಹೇಳದ ಫೋನು

ಮನೆಯಿಂದ
ಗುರುವಾರ, ಮಾರ್ಚ್ 12, ಬೆಳಿಗ್ಗೆ 10.20

ನಮ್ಮ ಮನೆಯ ಇಂಜಿನಿಯರಮ್ಮನಿಗೆ,

ಹೇಗಿದ್ದೀಯ ಮಗಳೇ? ಕಣ್ಣುರಿ ಕಡಿಮೆಯಾಯಿತೇ? ಇಡೀ ದಿನ ಗ್ರಿಡ್ಡಿನ ಪರದೆ ಕಾಯುವವಳು ಆಗಾಗ ಕಿಟಕಿಯಾಚೆಗೂ ನೋಡು, ಅದಕ್ಕೆ ಪಾಸ್‌ವರ್ಡ್ ಬೇಕಿಲ್ಲ. ನಿನ್ನಮ್ಮನ ಮಂಡಿ ಪರವಾಗಿಲ್ಲ. ಮೆಟ್ಟಿಲು ಹತ್ತುವಾಗ ಮಾತ್ರ ನನ್ನನ್ನು ಬೈಯುತ್ತಾಳೆ. ನನ್ನ ಬಿಪಿ ನಿನ್ನೆ ನೂರ ಮೂವತ್ತೆಂಟು. ಬರೆದಿಟ್ಟಿದ್ದೇನೆ.

ಸೋಮವಾರ 11.05ಕ್ಕೆ ಯಾವುದೋ ನಂಬರಿನಿಂದ ನಿನ್ನ ದನಿ ಬಂತು. ನನ್ನ ಹಳೇ ಸಬ್‌ಸ್ಟೇಷನ್ನಿನಲ್ಲಿ, ದೂರದಿಂದಲೇ ಲೈನು ಕಡಿಯುವ ಪೆಟ್ಟಿಗೆ ಇದೆಯಲ್ಲ, ಅದರ ಪಾಸ್‌ವರ್ಡ್ ಅರ್ಜೆಂಟಾಗಿ ಬೇಕಂತೆ. ಮೂಗು ಕಟ್ಟಿದ ಅದೇ ರಾಗ. ನಾನು ರಿಟೈರಾಗಿ ನಾಲ್ಕು ವರ್ಷವಾದರೂ ನಾನಿಟ್ಟ ಪಾಸ್‌ವರ್ಡ್ ಅಲ್ಲಿ ಇನ್ನೂ ಡ್ಯೂಟಿ ಮಾಡುತ್ತಿತ್ತು. ಬಾಯಿತುದಿಗೆ ಬಂದಿತ್ತು ಕಣೇ. ಆದರೆ ಲೈನು ಮುಟ್ಟುವ ಮುಂಚೆ ಫೋನಿನಲ್ಲಿ ಕೇಳಿದ್ದನ್ನು ತಿರುಗಿ ಹೇಳಬೇಕು ಎಂಬುದು ನಮ್ಮ ಕೆಲಸದ ಕಟ್ಟಳೆ. ಆ ಚಾಳಿಯನ್ನು ಮನೆಗೂ ತಂದು ನಿನಗೆ ಅಂಟಿಸಿದ್ದೆ. ಆರಕ್ಕೆ ಮನೆಗೆ ಬಾ ಎಂದರೆ, "ಆರಕ್ಕೆ ಮನೆಗೆ ಬರ್ತೀನಿ ಸಾರ್" ಎಂದು ನೀನು ಅಣಕಿಸುತ್ತಿದ್ದೆ, ಈಗಲೂ ಬಿಟ್ಟಿಲ್ಲ. ಅದಕ್ಕೇ, ತಿರುಗಿ ಹೇಳುತ್ತೀಯೋ ಎಂದು, ಕಣ್ಣಿಗೆ ಔಷಧಿ ಹಾಕ್ಕೊ ಎಂದು ಹೇಳಿ ನೋಡಿದೆ. ಆ ಕಡೆಯಿಂದ ಮತ್ತೆ, "ಪಾಸ್‌ವರ್ಡ್ ಹೇಳಿ ಅಪ್ಪಾ." ಫೋನು ಇಟ್ಟೆ. ಮಧ್ಯಾಹ್ನದೊಳಗೆ ಸಬ್‌ಸ್ಟೇಷನ್ನಿನ ಹೊಸ ಇನ್‌ಚಾರ್ಜನ ಪಕ್ಕದಲ್ಲೇ ಕೂತು ಪಾಸ್‌ವರ್ಡ್ ಬದಲಿ ಮಾಡಿಸಿದೆ. ಹಳೆಯದು ನೀನು ಹುಟ್ಟಿದ ತಾರೀಖು, ಬೈಯಬೇಡ. ಕೃತಕ ಬುದ್ಧಿ ಈಗ ಯಾರ ದನಿಯನ್ನು ಬೇಕಾದರೂ ಹೊಲಿದು ಕೊಡುತ್ತದಂತೆ, ಅಳತೆಗೆ ಅರ್ಧ ನಿಮಿಷದ ಮಾತು ಸಾಕಂತೆ. ಅವನೇ ಹೇಳಿದ.

ನಿನ್ನೆ ಅವನು ಮನೆಗೂ ಬಂದಿದ್ದ. ಮಂಗಳವಾರ ಮಧ್ಯಾಹ್ನ ನಿಮ್ಮ ಕಂಟ್ರೋಲ್ ರೂಮಿನಲ್ಲಿ ನಡೆದದ್ದು ಆಗ ಗೊತ್ತಾಯಿತು: ಕಾವಲಿಗಿಟ್ಟ ಬುದ್ಧಿವಂತ ಯಂತ್ರ ಕಳ್ಳರು ನುಗ್ಗಿದರೆಂದು ಸುಳ್ಳೇ ಕೂಗಿತು, ನೀನು ನಂಬಿ ಮೂರು ಲೈನು ಕಡಿದೆ, ಅರ್ಧ ಊರಿಗೆ ನಲವತ್ತು ನಿಮಿಷ ಕರೆಂಟಿಲ್ಲ. ನಿನ್ನ ಫೋನನ್ನೂ ವಿಚಾರಣೆಯವರು ಆಗಲೇ ಇಟ್ಟುಕೊಂಡರಂತೆ, ಇನ್ನೂ ಕೊಟ್ಟಿಲ್ಲವಂತೆ. ಅದಕ್ಕೇ ಈ ಕಾಗದ. ನೋಡು, ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನೂ ತಪ್ಪು ಸ್ವಿಚ್ ಎಳೆದವನೇ, ಅದೂ ಯಾವ ಯಂತ್ರವೂ ಹೇಳಿಕೊಡದೆ. ಆಗಿನ ಇನ್‌ಚಾರ್ಜ್ ಟೀ ತರಿಸಿ ಕೊಟ್ಟು, "ನಿನ್ನ ಹೆಸರಲ್ಲೇ ಬರಿ. ಆಮೇಲೆ ಮನೆಗೆ ಹೋಗಿ ಮಲಕ್ಕೊ" ಎಂದರು. ಲಾಗ್ ಪುಸ್ತಕದಲ್ಲಿ ಆ ಪುಟ ಇನ್ನೂ ಇದೆ. ಅದರ ಮುಂದೆ ಇಪ್ಪತ್ತೊಂಬತ್ತು ವರ್ಷದ ಪುಟಗಳೂ ಇವೆ.

ಅಮ್ಮನ ಆಶೀರ್ವಾದ, ನನ್ನದು ಅದಕ್ಕಿಂತ ಒಂದು ತೂಕ ಹೆಚ್ಚು.

ನಿನ್ನ
ಅಪ್ಪ

ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದಾನೆ, ಬರೆಯಲು ಹಿಂಜರಿದದ್ದನ್ನು ಬರೆದುಬಿಡುತ್ತೇನೆ. ಮಂಗಳವಾರ ಸಂಜೆ 4.10ಕ್ಕೆ ಇನ್ಯಾವುದೋ ನಂಬರಿನಿಂದ ನಿನ್ನ ದನಿ ಮತ್ತೆ ಬಂತು. "ಅಪ್ಪಾ, ತಪ್ಪಾಯ್ತು. ಮನೆಗೆ ಬರ್ಲಾ?" ಕಣ್ಣಿಗೆ ಔಷಧಿ ಹಾಕ್ಕೊ ಎಂದೆ. ತಿರುಗಿ ಹೇಳಲಿಲ್ಲ, ಬರೀ ಅಳು. ಅಳುವುದನ್ನೂ ಕಲಿಸಿದ್ದಾರಲ್ಲ ಎಂದುಕೊಂಡು ಇಟ್ಟುಬಿಟ್ಟೆ. ಹನ್ನೊಂದು ಸೆಕೆಂಡಿನ ಕರೆ. ನಿನ್ನ ಫೋನು ನಿನ್ನ ಕೈಲಿರಲಿಲ್ಲವಲ್ಲ, ಅದು ನೀನೇ ಮಗಳೇ. ಈಗ ತಿರುಗಿ ಹೇಳುವ ಸರದಿ ನನ್ನದು: ತಪ್ಪಾಯಿತು. ಮನೆಗೆ ಬಾ.