ಬೆನ್ನಿಗೆ ಹಚ್ಚುವ ಮಣ್ಣು

ಗೋರೆಗಾಂವ್, ಮುಂಬಯಿ
೭ ಮಾರ್ಚ್ ೧೯೭೧

ಅಣ್ಣ ಪರಪ್ಪನಿಗೆ ನಮಸ್ಕಾರ.

ತನ್ನ ಬೆನ್ನಿಗೆ ತಾನೇ ಮಣ್ಣು ಹಚ್ಚಿಕೊಳ್ಳಲು ಬರುವುದಿಲ್ಲ ಎಂದೋ ಏನೋ ನೀನು ಗರಡಿಯಲ್ಲಿ ಹೇಳುತ್ತಿದ್ದೆ. ಪೂರ್ತಿ ನೆನಪಿಲ್ಲ.

ನಮ್ಮ ಆಫೀಸಿಗೆ ಬಂದ ಜಪಾನಿ ಅತಿಥಿಗೆ ಇಲ್ಲಿನ ಕುಸ್ತಿ ನೋಡುವ ಆಸೆಯಾಯಿತು. ನಿನ್ನೆ ಪರೇಲ್‌ನ ಗರಡಿಗೆ ಕರೆದೊಯ್ದೆ. ಅವರ ಸುಮೋ ಕಣವೂ ಮಣ್ಣಿನದೇ ಅಂತೆ. ಆತ ಬಾಗಿಲಲ್ಲೇ ಬೂಟು ಬಿಚ್ಚಿ ಕಣಕ್ಕೆ ತಲೆಬಾಗಿದ. ನಾನು ಬೂಟಿನಲ್ಲೇ ಒಳಗೆ ಹೋಗಿಬಿಟ್ಟಿದ್ದೆ.

ನನ್ನ ಹೆಸರು ಕೇಳಿದೊಡನೆ ಅಲ್ಲಿ ಪಟ್ಟು ಕಲಿಸುತ್ತಿದ್ದ ವಸ್ತಾದ ಕನ್ನಡಕ್ಕೆ ಹೊರಳಿದ. "ಪರದೇಶದವರಿಗೆ ತಿಳೀತು, ನಿಮಗ ತಿಳೀಲಿಲ್ಲೇನ್ರಿ ಸಾಹೇಬ್ರ? ಯಾವ ಊರು ನಿಮ್ಮದು?"

"ಗೋರೆಗಾಂವ್" ಎಂದೆ.

ಕಸರತ್ತು ಮುಗಿದ ಮೇಲೆ ಪೈಲ್ವಾನರು ಬೆವರು ಆರಲೆಂದು ಒಬ್ಬರ ಬೆನ್ನಿಗೊಬ್ಬರು ಮಣ್ಣು ಹಚ್ಚಿದರು. ಅತಿಥಿ ಫೋಟೋ ತೆಗೆದ. ನಾನು ಗಡಿಯಾರ ನೋಡಿಕೊಂಡೆ.

ನಿನಗೆ ಹೇಳದೆ ಊರು ಬಿಟ್ಟು ಹದಿನೈದು ವರ್ಷವಾಯಿತು. ಗರಡಿಯ ಗೂಟದಲ್ಲಿ ನನ್ನ ಲಂಗೋಟಿ ಇನ್ನೂ ಇದ್ದರೆ ಯಾರಿಗೂ ಕೊಡಬೇಡ. ಯುಗಾದಿಗೆ ನಾಲ್ಕು ದಿನ ರಜೆ ಕೇಳಿದ್ದೇನೆ. ಬಾ ಎಂದು ಒಂದು ಕಾರ್ಡು ಬರೆದರೆ ಸಾಕು, ಹೆಚ್ಚೇನೂ ಬೇಡ.

ನಾನು ಊರು ಬಿಟ್ಟು ಬಂದ ಮೇಲೆ ನಿನ್ನ ಬೆನ್ನಿಗೆ ಯಾರು ಮಣ್ಣು ಹಚ್ಚಿದರು, ಅಣ್ಣಾ?

ನಿನ್ನ ತಮ್ಮ
ಈರಣ್ಣ