ರೇಷ್ಮೆ ಮನೆಯ ತೆರೆದ ಬಾಗಿಲು

ಗಡಹಿಂಗ್ಲಜ, ೧೯೬೩

ಅಪ್ಪಾ,

ದೀಕ್ಷೆ ತೆಗೆದುಕೊಂಡ ಜೈನ ಮುನಿಗಳಿಗೆ ಮಗಳಿರುವುದಿಲ್ಲ, ಹೀಗಾಗಿ ಈ ಪತ್ರವನ್ನು ಕಳಿಸುವುದಿಲ್ಲ. ಆದರೂ ಊರವರು ನಿಮ್ಮನ್ನು ಕರೆಯುವಂತೆ ‘ಮಹಾರಾಜರೇ’ ಎಂದು ನಾನು ಬರೆಯಲಾರೆ.

ಇಂದು ಮುಂಜಾನೆ ನೀವು ನಮ್ಮ ಓಣಿಗೆ ಬಂದಿರಿ. ನಿಮಗೆ ಆಹಾರ ಕೊಡಲು ಎಲ್ಲರೂ ಕಲಶ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಿಮ್ಮ ತಂಗಿ ಪದ್ಮವ್ವ ನನ್ನನ್ನು ಮಾತ್ರ ತಡೆದರು.

“ನೀ ನಿಂದರಬ್ಯಾಡ ಸುನಂದಾ. ಹುಳ ಕುದಿಸೋ ಕೈ ಅದಾವ ನಿನ್ನವು.”

“ಈ ಕೈ ಇಲ್ಲದಿದ್ರ ನಮ್ಮ ಮನಿ ಒಲಿ ಹತ್ತತಿತ್ತೇನ್ರಿ, ಅತ್ತಿ?” ಎಂದು ಕೇಳಿ, ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋದೆ.

ಕುದಿನೀರಿನ ಬೋಗುಣಿಯಲ್ಲಿ ಗೂಡುಗಳು ತೇಲುತ್ತಿದ್ದವು. ಅವುಗಳ ಎಳೆಯ ತುದಿ ಹುಡುಕಿ, ಕೂಡಿಸಿ, ರಾಟೆಗೆ ಹಾಕುತ್ತಿದ್ದಾಗ ಬೀದಿಯಲ್ಲಿ ‘ನಮೋಸ್ತು’ ಎಂಬ ದನಿ ಕೇಳಿತು.

“ಮಹಾರಾಜ್ರು ಬರಾಕತ್ತಾರ, ಬಾಗಲಾ ಮುಚ್ಚವಾ,” ಎಂದರು ಮಾಲೀಕ ದುಂಡಪ್ಪ.

“ಇರಲಿ ಬಿಡ್ರಿ,” ಎಂದೆ. ಏಳಲಿಲ್ಲ.

ನೀವು ಬಾಗಿಲ ಮುಂದೆ ನಿಂತಿರಿ. ಬೋಗುಣಿ ನೋಡಿದಿರಿ, ನನ್ನನ್ನೂ ನೋಡಿದಿರಿ. ಆಹಾರಕ್ಕೆ ಹೊರಟ ಮುನಿಗಳ ಕಣ್ಣಿಗೆ ಹಿಂಸೆ ಬಿದ್ದರೆ ಅಂದು ಉಪವಾಸ. ಬಸದಿಗೆ ಹಿಂತಿರುಗಿದಿರಿ.

ನೀವು ಹಸಿದಿರುವುದು ನನ್ನಿಂದ ಎಂದು ಓಣಿಯವರು ಬಯ್ಯುತ್ತಿದ್ದಾರೆ. ಬಯ್ಯಲಿ. ನೀವು ಮನೆ ಬಿಟ್ಟ ವರ್ಷ ಅವ್ವನೂ ನಾನೂ ಎಷ್ಟೋ ಸಲ ಹಸಿದೇ ಮಲಗಿದೆವು. ಆಗ ನಿಮ್ಮನ್ನು ಯಾರೂ ಬಯ್ಯಲಿಲ್ಲ. ನಾಳೆಯೂ ಗೂಡು ಬೇಯಿಸುತ್ತೇನೆ. ಬಾಗಿಲು ತೆರೆದೇ ಇರುತ್ತದೆ.

ಮಧ್ಯಾಹ್ನ ಅವ್ವ ರೊಟ್ಟಿ ಬಡಿಸಿದಳು. ನಾನು ಉಣ್ಣಲಿಲ್ಲ. ಹಸಿವಿರಲಿಲ್ಲ, ಅಷ್ಟೇ.